ಗಾಡಿ ಎಷ್ಟು ವರ್ಷಕ್ಕೆ ಬೇಕು?

ಮಂಗಸೂಳಿ, ತಾ. ಕಾಗವಾಡ
೪ ಆಗಸ್ಟ್ ೨೦೨೫

ದಾದಾಸಾಬ ಕಾಕಾ ಅವರಿಗೆ ನಮಸ್ಕಾರಗಳು.

ಬೇಡಕಿಹಾಳದ ಉಜ್ವಲಾ ಬರೆಯುತ್ತಿದ್ದೇನೆ. ೨೦೧೩ರಲ್ಲಿ ಕಾಲೇಜು ಮುಗಿಸಿ ಚಿಕ್ಕೋಡಿಯ ನಿಮ್ಮ ಡ್ರೈವಿಂಗ್ ಸ್ಕೂಲಿನಲ್ಲಿ ಗಾಡಿ ಕಲಿತವಳು. ರಿವರ್ಸ್ ತೆಗೆಯಲು ಹೋಗಿ ಕಬ್ಬಿನ ಹಾಲಿನ ಅಂಗಡಿಯ ಬೆಂಚು ಮುರಿದವಳು ಎಂದರೆ ಬೇಗ ನೆನಪಾಗಬಹುದು. ಆಮೇಲೆ ನನ್ನ ಮದುವೆಯಾಗಿ ಮಂಗಸೂಳಿಗೆ ಬಂದದ್ದು, ನಾಲ್ಕು ವರ್ಷದ ಹಿಂದೆ ನಮ್ಮವರು ದುಂಡೇಶ ತೀರಿಕೊಂಡದ್ದು ನಿಮಗೆ ಗೊತ್ತೇ ಇದೆ. ಈಗ ಅತ್ತೆ ಮತ್ತು ನಾನು ಇಬ್ಬರೇ. ದ್ರಾಕ್ಷಿ ತೋಟ ನಾನೇ ನೋಡಿಕೊಳ್ಳುತ್ತೇನೆ.

ಕಳೆದ ವಾರ ನಿಮಗೆ ಮೂರು ಸಲ ಫೋನ್ ಮಾಡಿದೆ. ಮೂರೂ ಸಲ ನೀವು "ಯಾರ್ರೀ, ಯಾರ್ರೀ" ಎಂದು ಕೂಗಿ ಇಟ್ಟುಬಿಟ್ಟಿರಿ. ಆಮೇಲೆ ನಿಮ್ಮ ಮಗಳು ಅಫ್ರೀನ ಹೇಳಿದಳು, ಅಪ್ಪನಿಗೆ ಕಿವಿ ಪೂರ್ತಿ ಹೋಗಿದೆ, ಮೊಬೈಲಿನಲ್ಲಿ ಓದುವುದಿಲ್ಲ, ಕಾಗದ ಬರೆದರೆ ಮಾತ್ರ ಖುಷಿಯಿಂದ ಓದುತ್ತಾರೆ ಎಂದು. ಅದಕ್ಕೇ ಈ ಪತ್ರ.

ವಿಷಯ ಇಷ್ಟು. ನನಗೆ ಒಂದು ಕಾರು ಬೇಕು. ಹೊಸದನ್ನು ಕೊಳ್ಳುವುದೆಂದರೆ ಬ್ಯಾಂಕು, ಕಂತು, ಜಾಮೀನು, ಎಲ್ಲ ಬರುತ್ತದೆ. ಕೊಲ್ಲಾಪುರದಲ್ಲಿ ಒಂದು ಕಂಪನಿಯವರು ಲೀಸ್ ಮೇಲೆ ಕೊಡುತ್ತಾರಂತೆ. ತಿಂಗಳಿಗೆ ಇಷ್ಟು ಎಂದು ಬಾಡಿಗೆ ಕಟ್ಟುತ್ತ ಹೋಗುವುದು. ವಿಮೆ, ಸರ್ವೀಸು, ಟೈರು ಎಲ್ಲ ಅವರದೇ. ಅವಧಿ ಮುಗಿದ ಮೇಲೆ ಗಾಡಿ ತಿರುಗಿ ಕೊಟ್ಟು ಮನೆಗೆ ಬರುವುದು. ಗಾಡಿಗೆ ಕರಿ ಬೋರ್ಡು, ಹಳದಿ ಅಕ್ಷರ ಇರುತ್ತದೆ, ಅಷ್ಟೇ.

ಕೊಳ್ಳುವುದು ಒಳ್ಳೆಯದೋ, ಲೀಸೋ? ಇಂಥದರಲ್ಲಿ ನಿಮ್ಮಷ್ಟು ತಿಳಿದವರು ನನಗೆ ಬೇರೆ ಯಾರೂ ಇಲ್ಲ. ಮೈದುನ ಬಾಬಾಸಾಹೇಬನ ಹತ್ತಿರ ದೊಡ್ಡ ಗಾಡಿ ಇದೆ. ಅದರ ಮಾತು ಬೇಡ.

ನಿಮ್ಮ ಶಿಷ್ಯೆ
ಉಜ್ವಲಾ


ರತ್ನಾಗಿರಿ
೧೩ ಆಗಸ್ಟ್ ೨೦೨೫

ಮಗಳೇ ಉಜ್ವಲಾ,

ನಿನ್ನನ್ನು ಮರೆಯುವುದು ಹೇಗೆ? ಆ ಬೆಂಚಿನ ದುಡ್ಡು ಕೊಟ್ಟವನು ನಾನು. ಅಂಗಡಿಯವನು ಮುಂದೆ ಎರಡು ವರ್ಷ ನನ್ನ ಗಾಡಿ ಕಂಡ ಕೂಡಲೇ ಗಿರಾಕಿಗಳನ್ನು ಎಬ್ಬಿಸಿ ಒಳಗೆ ಕಳಿಸುತ್ತಿದ್ದ.

ಪತ್ರ ಬಂದದ್ದು ಬಹಳ ಚಲೋ ಆಯಿತು. ಇಲ್ಲಿ ಅಫ್ರೀನಳ ಮನೆ ಮೂರನೇ ಮಹಡಿಯಲ್ಲಿದೆ. ಅಳಿಯ ಒಳ್ಳೆಯವನು, ಊಟ ಒಳ್ಳೆಯದು, ಮೀನಂತೂ ಕೇಳಲೇಬೇಡ. ಆದರೆ ಸಮುದ್ರದ ಗಾಳಿಗೆ ಕಿಟಕಿಯ ಸರಳು ಸಹ ತುಕ್ಕು ಹಿಡಿಯುತ್ತದೆ. ನಾನಂತೂ ದಸರೆಯ ಹೊತ್ತಿಗೆ ಚಿಕ್ಕೋಡಿಗೆ ಮರಳುವವನು. ಸ್ಕೂಲಿನ ಬಾಗಿಲು ಮತ್ತೆ ತೆಗೆಯುವುದಿದೆ.

ಈಗ ನಿನ್ನ ವಿಷಯ. ನೀನು ಆಗಲೂ ಹೀಗೇ ಇದ್ದೆ, ಎಲ್ಲಿಗೆ ಹೋಗಬೇಕೆಂದು ಹೇಳದೆ ಗೇರ್ ಹಾಕುತ್ತಿದ್ದೆ. ಕೊಳ್ಳಲೋ ಲೀಸೋ ಎಂದು ಕೇಳಿದರೆ ನಾನೇನು ಹೇಳಲಿ? ಮೊದಲು ನನ್ನ ಮೂರು ಪ್ರಶ್ನೆಗೆ ಉತ್ತರ ಬರೆ. ಗಾಡಿ ಯಾವ ರಸ್ತೆಯಲ್ಲಿ ಓಡಬೇಕು? ಅದರಲ್ಲಿ ಯಾರು ಕೂರುತ್ತಾರೆ? ಎಷ್ಟು ವರ್ಷಕ್ಕೆ ಬೇಕು?

ಮೂರನೆಯದೇ ಮುಖ್ಯ. ಎರಡು ಮೂರು ವರ್ಷದ ಕೆಲಸವಾದರೆ ಲೀಸ್ ಸಾಕು. ಐದು ವರ್ಷ ದಾಟುವುದಾದರೆ ಕಣ್ಣು ಮುಚ್ಚಿ ಕೊಂಡುಬಿಡು. ನಾಲ್ಕು ಎಂದೆಯಾದರೆ ಕೂತು ಮಾತಾಡಬೇಕಾಗುತ್ತದೆ.

ಕರಿ ಬೋರ್ಡಿನ ಬಗ್ಗೆ "ಅಷ್ಟೇ" ಎಂದು ಬರೆದಿದ್ದೀಯ. ಮಂಗಸೂಳಿಯಲ್ಲಿ ಅದು ಅಷ್ಟೇ ಆಗುವುದಿಲ್ಲ. ಬಾಡಿಗೆ ಗಾಡಿ ತಂದಳು ಎನ್ನುತ್ತಾರೆ. ಅದನ್ನು ತಡೆದುಕೊಳ್ಳುವ ಶಕ್ತಿ ಇದೆಯೇ ನೋಡಿಕೋ.

ನಿನ್ನ ಒಳ್ಳೆಯದನ್ನೇ ಬಯಸುವ
ದಾದಾಸಾಬ ಕಾಕಾ


ಮಂಗಸೂಳಿ
೨೫ ಆಗಸ್ಟ್ ೨೦೨೫

ಕಾಕಾ,

ನಿಮ್ಮ ಪತ್ರ ಓದುವಾಗ ಪಕ್ಕದ ಸೀಟಿನಲ್ಲಿ ಕೂತು ನೀವು ಬೈಯುತ್ತಿದ್ದ ಹಾಗೇ ಆಯಿತು. ಬೆನ್ನು ತಾನಾಗಿ ನೆಟ್ಟಗಾಯಿತು.

ರಸ್ತೆ: ಮಂಗಸೂಳಿಯಿಂದ ಕಾಗವಾಡ, ಅಲ್ಲಿಂದ ಮ್ಹೈಸಾಳದ ಮೇಲೆ ಮಿರಜ. ಸೋಮವಾರ ಮತ್ತು ಗುರುವಾರ. ಬೆಳಿಗ್ಗೆ ಆರಕ್ಕೆ ಹೊರಟು ಮಧ್ಯಾಹ್ನ ಎರಡಕ್ಕೆ ವಾಪಸ್. ತಪ್ಪಿಸುವ ಹಾಗಿಲ್ಲ.

ಕೂರುವವರು: ನಾನು, ಇನ್ನೊಬ್ಬರು.

ಮೊನ್ನೆ ಕೊಲ್ಲಾಪುರಕ್ಕೆ ಹೋಗಿ ಆ ಆಫೀಸು ನೋಡಿ ಬಂದೆ. ಗಾಜಿನ ಬಾಗಿಲು, ಏಸಿ, ಕುಡಿಯಲು ಬಿಸಿ ಕಾಫಿ. ಸುಜಯ ಎಂಬ ಹುಡುಗ ಚೆನ್ನಾಗಿ ಮಾತಾಡಿದ. ಗಾಡಿ ಕೆಟ್ಟರೆ ಅವರೇ ಇನ್ನೊಂದು ಕಳಿಸುತ್ತಾರಂತೆ. ನನಗೆ ಬೇಕಾದದ್ದು ಇದೇ. ನನಗೆ ಗಾಡಿಯ ಒಡೆತನದ ಹುಚ್ಚಿಲ್ಲ. ಸೋಮವಾರ ಮತ್ತು ಗುರುವಾರ ಬೆಳಿಗ್ಗೆ ಆರಕ್ಕೆ ಕೀಲಿ ನನ್ನ ಕೈಯಲ್ಲಿರಬೇಕು, ಅಷ್ಟೇ. ಕರಿ ಬೋರ್ಡಿಗೆ ನಗುವವರು ನಗಲಿ. ನಾನು ಟ್ರ್ಯಾಕ್ಟರ್ ಹೊಡೆದಾಗಲೂ ನಕ್ಕಿದ್ದರು. ಈಗ ತಮ್ಮ ತೋಟಕ್ಕೆ ಔಷಧ ಹೊಡೆಯಲು ನನ್ನನ್ನೇ ಕರೆಯುತ್ತಾರೆ.

ಹಾಗಾದರೆ ಲೀಸ್ ಸರಿ ಅಲ್ಲವೇ? ಹೂಂ ಎಂದು ಒಂದು ಸಾಲು ಬರೆದುಬಿಡಿ, ಮುಂದಿನ ವಾರ ಹೋಗಿ ಸಹಿ ಹಾಕುತ್ತೇನೆ.

ಉಜ್ವಲಾ


ರತ್ನಾಗಿರಿ
೫ ಸೆಪ್ಟೆಂಬರ್ ೨೦೨೫

ಉಜ್ವಲಾ,

ಮೂರು ಕೇಳಿದರೆ ಎರಡು ಬರೆದೆ. ಅದರಲ್ಲೂ ಒಂದು ಅರ್ಧ. "ಇನ್ನೊಬ್ಬರು" ಎಂದರೆ ಯಾರು? ವಾರಕ್ಕೆ ಎರಡು ದಿನ, ಗೊತ್ತಾದ ಹೊತ್ತು, ಮಿರಜಕ್ಕೆ. ನಾನು ಈ ಗಡಿಯಲ್ಲಿ ನಲವತ್ತು ವರ್ಷ ಗಾಡಿ ಓಡಿಸಿದವನು. ನನಗೆ ತಿಳಿಯುವುದಿಲ್ಲವೇ? ನೀನು ಪ್ಯಾಸೆಂಜರ್ ಹೊಡೆಯಲು ಹೊರಟಿದ್ದೀಯ. ಮಿರಜದ ಆಸ್ಪತ್ರೆಗಳಿಗೆ ಹೋಗುವ ಮಂದಿ ನಮ್ಮ ಕಡೆ ಬಹಳ. ಧಂದೆ ಕೆಟ್ಟದ್ದಲ್ಲ, ಮಾಡು. ಆದರೆ ಮನೆಯವರಿಗೆ ಮುಚ್ಚಿಟ್ಟು ಮಾಡಬೇಡ. ಯಾವತ್ತೋ ಒಂದು ದಿನ ರಸ್ತೆಯಲ್ಲಿ ಗಾಡಿ ನಿಂತರೆ ಮೊದಲು ಓಡಿ ಬರಬೇಕಾದವರು ಅವರೇ.

ನನ್ನ ಸ್ಕೂಲಿನ ಪದ್ಧತಿ ನಿನಗೆ ಗೊತ್ತು. ಹೆಣ್ಣುಮಕ್ಕಳು ಕಲಿಯಲು ಬಂದರೆ, ಹೈವೇಗೆ ಇಳಿಸುವ ಮೊದಲು ಮನೆಯ ಗಂಡಸೊಬ್ಬನನ್ನು ಕರೆಸಿ ಹಿಂದಿನ ಸೀಟಿನಲ್ಲಿ ಕೂರಿಸಿ ಒಂದು ಸುತ್ತು ಹಾಕಿಸುತ್ತಿದ್ದೆ. ನಿಮ್ಮ ಅಪ್ಪ ತಾತ್ಯಾಸಾಹೇಬರೂ ಕೂತಿದ್ದರು. ಕಬ್ಬೂರಿನವರೆಗೆ ಹೋಗುವಾಗ ಸೀಟು ಗಟ್ಟಿಯಾಗಿ ಹಿಡಿದಿದ್ದರು, ಬರುವಾಗ ನಿದ್ದೆ ಹೋಗಿದ್ದರು. ಹಿಂದೆ ಕೂತು ಒಮ್ಮೆ ನಿದ್ದೆ ಮಾಡಿದ ಗಂಡಸು ಮತ್ತೆ ಅಡ್ಡ ಬರುವುದಿಲ್ಲ.

ಅದಕ್ಕೇ ನಾನು ನಿನ್ನ ಮೈದುನ ಬಾಬಾಸಾಹೇಬನಿಗೂ ಒಂದು ಪತ್ರ ಹಾಕಿದ್ದೇನೆ. ಅವನೂ ನನ್ನ ಕೈಯಲ್ಲೇ ಕಲಿತವನು. "ನಿಮ್ಮ ವೈನಿ ಲೀಸ್ ಗಾಡಿ ತಗೊಳ್ಳಾಕತ್ತಾಳ, ನೀ ಮುಂದ ನಿಂತ ಮಾಡಸು" ಎಂದು ಬರೆದಿದ್ದೇನೆ. ಇನ್ನು ನಿನಗೆ ಚಿಂತೆಯಿಲ್ಲ.

ಎಷ್ಟು ವರ್ಷಕ್ಕೆ ಎಂಬುದನ್ನು ಈ ಸಲವಾದರೂ ಬರೆ.

ದಾದಾಸಾಬ ಕಾಕಾ


ಮಂಗಸೂಳಿ
೧೬ ಸೆಪ್ಟೆಂಬರ್ ೨೦೨೫

ದಾದಾಸಾಬ ಕಾಕಾ ಅವರಿಗೆ,

ನಿಮ್ಮ ಮೇಲೆ ನನಗೆ ಬಂದಿರುವ ಸಿಟ್ಟು ಈ ಕಾಗದದಲ್ಲಿ ಹಿಡಿಸುವುದಿಲ್ಲ. ಆದರೂ ಬರೆಯುತ್ತೇನೆ.

ಆ ಇನ್ನೊಬ್ಬರು ನನ್ನ ಅತ್ತೆ ಲಕ್ಕವ್ವ. ಅವರ ಎರಡೂ ಕಿಡ್ನಿ ಹೋಗಿವೆ. ಹತ್ತು ತಿಂಗಳಿಂದ ವಾರಕ್ಕೆ ಎರಡು ಸಲ ಮಿರಜದಲ್ಲಿ ಡಯಾಲಿಸಿಸ್ ನಡೆದಿದೆ. ಊರಿಗೆ ಗೊತ್ತು. ನಿಮಗೆ ಮಾತ್ರ ಬರೆದಿರಲಿಲ್ಲ. ಏಕೆಂದರೆ ಬರೆದಿದ್ದರೆ ನೀವು ಕೂಡಲೇ "ಮೈದುನನ ಗಾಡಿ ಇದೆಯಲ್ಲ" ಎನ್ನುತ್ತಿದ್ದಿರಿ. ಎಲ್ಲರೂ ಅದನ್ನೇ ಅನ್ನುತ್ತಾರೆ.

ಹೌದು, ಇದೆ. ಬಾಬಾಸಾಹೇಬ ಯಾವತ್ತೂ ಇಲ್ಲ ಎಂದವನಲ್ಲ. ಪ್ರತಿ ಭಾನುವಾರ, ಪ್ರತಿ ಬುಧವಾರ ಸಂಜೆ ನಾನು ಅವನ ಅಂಗಳಕ್ಕೆ ಹೋಗಿ ನಿಲ್ಲಬೇಕು. "ನೋಡೂಣ್ರಿ ವೈನಿ, ನಾಳಿ ಮುಂಜಾನಿ ಹೇಳ್ತೀನಿ" ಎನ್ನುತ್ತಾನೆ. ಬೆಳಿಗ್ಗೆ ಅತ್ತೆ ಐದಕ್ಕೇ ಸೀರೆಯುಟ್ಟು ಕಟ್ಟೆಯ ಮೇಲೆ ಕೂತಿರುತ್ತಾರೆ. ಒಮ್ಮೆ ಆರಕ್ಕೆ ಬರುತ್ತಾನೆ, ಒಮ್ಮೆ ಎಂಟಕ್ಕೆ. ತಡವಾದರೆ ಯಂತ್ರ ಬೇರೆಯವರಿಗೆ ಹೋಗುತ್ತದೆ. ಜೂನ್ ತಿಂಗಳಲ್ಲಿ ಯಾವುದೋ ಮದುವೆಗೆಂದು ಅಥಣಿಗೆ ಗಾಡಿ ಒಯ್ದ, ನಮಗೆ ತಿಳಿಸಲೇ ಇಲ್ಲ. ಆ ದಿನ ತಪ್ಪಿತು. ಮರುದಿನ ಅತ್ತೆಗೆ ಉಸಿರು ಸಿಗದೆ ಮುಖ ನೀಲಿಯಾಯಿತು. ಹಾಲಿನ ವ್ಯಾನಿನವನ ಕೈಕಾಲು ಹಿಡಿದು, ಕ್ಯಾನುಗಳ ನಡುವೆ ಅವರನ್ನು ಮಲಗಿಸಿಕೊಂಡು ಮಿರಜ ಮುಟ್ಟಿದೆ. ಲೈಸೆನ್ಸ್ ಇರುವ ಹೆಂಗಸು, ಹಾಲಿನ ಕ್ಯಾನು ಹಿಡಿದು ಕೂತಿದ್ದೆ. ಅವತ್ತೇ ನಿಶ್ಚಯ ಮಾಡಿದೆ, ಇನ್ನು ಯಾರ ಅಂಗಳದಲ್ಲೂ ನಿಲ್ಲುವುದಿಲ್ಲ ಎಂದು.

ಈಗ ನಿಮ್ಮ ಪತ್ರದಿಂದ ಆದದ್ದು ಕೇಳಿ. ಬಾಬಾಸಾಹೇಬ ಅದನ್ನು ಹಿಡಿದುಕೊಂಡೇ ಮನೆಗೆ ಬಂದ. "ಬಾಡಿಗಿ ಗಾಡಿ ಕರಿ ಬೋರ್ಡ್ ಹಚಗೊಂಡ ನಮ್ಮ ಅವ್ವನ ಬಾಗಲದಾಗ ನಿಂತರ ನಾ ಊರಾಗ ಮಾರಿ ಹ್ಯಾಂಗ ತೋರಸಲಿ ವೈನಿ? ನಿಮಗ ಗಾಡಿನ ಬೇಕಾದರ ನಾ ಒಂದ ಸಣ್ಣದ ತಗೋತೀನಿ. ನನ್ನ ಹೆಸರಲೆ ಇರ್ಲಿ, ನೀವ ಹೊಡಿರಿ" ಎಂದ. ಮಾತು ಒಳ್ಳೆಯದೇ. ಆದರೆ ಗಾಡಿ ಅವನ ಹೆಸರಿನಲ್ಲಿ ಎಂದರೆ ಕೀಲಿ ಯಾರ ಮನೆಯ ಮೊಳೆಗೆ ನೇತಾಡುತ್ತದೆ? ನಾನು ಬೇಡ ಎಂದೆ. ಅವನಿಗೆ ಬೇಸರವಾಯಿತು. ಈಗ ಒಂದು ವಾರದಿಂದ ಅವನ ಗಾಡಿಯೂ ಬರುತ್ತಿಲ್ಲ. ಜೀಪು ಹಿಡಿದು ಕಾಗವಾಡಕ್ಕೆ, ಅಲ್ಲಿಂದ ಬಸ್ಸಿಗೆ ಹೋಗುತ್ತಿದ್ದೇವೆ. ಬರುವಾಗ ಅತ್ತೆಗೆ ನಿಲ್ಲಲೂ ತ್ರಾಣವಿರುವುದಿಲ್ಲ.

ಮೊನ್ನೆ ನೇರವಾಗಿ ಕೊಲ್ಲಾಪುರಕ್ಕೆ ಹೋಗಿ ಲೀಸ್ ಮುಗಿಸಿಬಿಡೋಣವೆಂದು ಹೊರಟೆ. ನಾನೂ ಬರುತ್ತೇನೆಂದು ಅತ್ತೆ ಹಟ ಹಿಡಿದು ಬಂದರು. ಆ ಸುಜಯ ಫಾರ್ಮ್ ತುಂಬುತ್ತ ತುಂಬುತ್ತ ಪೆನ್ನು ಎತ್ತಿ ಕೇಳಿದ, "ತಾಯಿ, ಎಷ್ಟ ವರ್ಷಕ್ಕ ಬರೀಲಿ? ಎರಡೋ, ಮೂರೋ, ನಾಲ್ಕೋ?"

ನನಗಿಂತ ಮೊದಲು ಅತ್ತೆ ಹೇಳಿದರು, "ಎರಡ ಬರಿಯೋ ಅಪ್ಪಾ. ನನಗ ಅಷ್ಟ ಸಾಕು."

ನಗುತ್ತಲೇ ಹೇಳಿದರು ಕಾಕಾ. ತರಕಾರಿಯವನಿಗೆ ಅರ್ಧ ಕೆಜಿ ಸಾಕು ಎನ್ನುವ ಹಾಗೆ. ನಾನು ಎದ್ದುಬಿಟ್ಟೆ. ಫಾರ್ಮ್ ಅಲ್ಲೇ ಬಿಟ್ಟು ಅವರ ಕೈ ಹಿಡಿದು ಹೊರಗೆ ಬಂದೆ. ಅತ್ತೆ ಇನ್ನೆಷ್ಟು ವರ್ಷ ಇರುತ್ತಾರೆಂದು ನನ್ನ ಕೈಯಾರೆ ಬರೆದು ಸಹಿ ಹಾಕಲು ನನ್ನಿಂದಾಗುವುದಿಲ್ಲ. ಯಾವ ಕಂಪನಿಗೂ ಇಲ್ಲ, ನಿಮಗೂ ಇಲ್ಲ. ನಿಮ್ಮ ಮೂರನೇ ಪ್ರಶ್ನೆಗೆ ಉತ್ತರ ಬರೆಯದೆ ಬಿಟ್ಟದ್ದು ಅದಕ್ಕೇ.

ಈ ಪತ್ರಕ್ಕೆ ಉತ್ತರ ಬೇಕಾಗಿಲ್ಲ.

ಉಜ್ವಲಾ


ರತ್ನಾಗಿರಿ
೧೨ ಅಕ್ಟೋಬರ್ ೨೦೨೫

ಮಗಳೇ,

ಉತ್ತರ ಬೇಡ ಎಂದಿದ್ದೆ. ಅದಕ್ಕೇ ಸುಮಾರು ಒಂದು ತಿಂಗಳು ಕೈ ಕಟ್ಟಿ ಕೂತೆ. ಇನ್ನು ಆಗುವುದಿಲ್ಲ.

ತಪ್ಪಾಯಿತು. ದೊಡ್ಡ ತಪ್ಪು. ಹೆಣ್ಣುಮಗಳು ಗಾಡಿ ಹಿಡಿಯಬೇಕೆಂದರೆ ಹಿಂದೆ ಒಬ್ಬ ಗಂಡಸು ಕೂತಿರಬೇಕು ಎಂಬುದನ್ನು ನಾನು ನಲವತ್ತು ವರ್ಷ ನಡೆಸಿಕೊಂಡು ಬಂದೆ. ಆಗ ಅದರಿಂದ ಎಷ್ಟೋ ಹುಡುಗಿಯರಿಗೆ ದಾರಿ ಸಿಕ್ಕಿತು ನಿಜ. ಆದರೆ ನೀನು ಕಲಿಯುವ ಹುಡುಗಿಯಲ್ಲ, ಹನ್ನೆರಡು ವರ್ಷದಿಂದ ಲೈಸೆನ್ಸ್ ಇರುವವಳು. ಅದು ನನ್ನ ತಲೆಗೆ ಹೊಳೆಯಲಿಲ್ಲ. ನಿನ್ನ ಪತ್ರವನ್ನು ಅಫ್ರೀನಳಿಗೂ ಓದಲು ಕೊಟ್ಟೆ. ಅವಳು ಓದಿ ಮುಗಿಸಿ ಒಂದು ಹೊತ್ತು ನನ್ನ ಜೊತೆ ಮಾತಾಡಲಿಲ್ಲ. ಕಿವುಡನ ಜೊತೆ ಮಾತು ಬಿಟ್ಟರೆ ಅವನಿಗೆ ಗೊತ್ತಾಗುವುದಿಲ್ಲ ಎಂದುಕೊಳ್ಳಬೇಡ. ಚೆನ್ನಾಗಿ ಗೊತ್ತಾಗುತ್ತದೆ.

ಈಗ ನಿನಗೆ ಹೇಳದೆ ಇಟ್ಟ ಒಂದು ಸಂಗತಿ ಹೇಳುತ್ತೇನೆ. ನೀನು ಕಲಿತ ಆ ಕೆಂಪು ಗಾಡಿ ಇನ್ನೂ ಇದೆ. ಚಿಕ್ಕೋಡಿಯಲ್ಲಿ ನನ್ನ ತಮ್ಮನ ಮಗ ಶಾಕೀರನ ಗ್ಯಾರೇಜಿನ ಹಿಂದೆ, ತಗಡಿನ ಶೆಡ್ಡಿನಲ್ಲಿ. ನೀನು ಮೊದಲ ಪತ್ರ ಬರೆದ ದಿನವೇ ನನಗೆ ಅದು ನೆನಪಾಗಿತ್ತು. ಬಾಯಿ ಬಿಡಲಿಲ್ಲ. ೨೦೧೨ರ ಗಾಡಿ. ಶಾಕೀರ ತಿಂಗಳಿಗೊಮ್ಮೆ ಚಾಲೂ ಮಾಡುತ್ತಾನೆ, ಇಂಜಿನ್ ಗಟ್ಟಿ ಇದೆ. ೨೦೨೭ಕ್ಕೆ ಹದಿನೈದು ವರ್ಷ ಮುಗಿಯುತ್ತದೆ. ಆಗ ಸಾಹೇಬರು ಬ್ರೇಕು, ಹೊಗೆ, ಲೈಟು ಎಲ್ಲ ನೋಡಿ ಪಾಸಿಂಗ್ ಮಾಡಿದರೆ ಮತ್ತೆ ಐದು ವರ್ಷ ಓಡಿಸಬಹುದು.

ಅದನ್ನು ತೆಗೆದುಕೊಂಡು ಹೋಗು. ದುಡ್ಡು ಬೇಡ, ಬಾಡಿಗೆ ಬೇಡ. ನಾನು ಚಿಕ್ಕೋಡಿಗೆ ಬರುವತನಕ ನಿನ್ನ ಹತ್ತಿರ ಇರಲಿ. ಬಂದ ಮೇಲೆ ನನಗೆ ತಿರುಗಿ ಕೊಡು. ಸ್ಕೂಲಿಗೆ ಬೇಕಾಗುತ್ತದೆ. ದಸರೆಗೆ ಆಗಲಿಲ್ಲ, ಸಂಕ್ರಾಂತಿಯ ಹೊತ್ತಿಗೆ ಬರುತ್ತೇನೆ.

ಲಕ್ಕವ್ವನವರಿಗೆ ನನ್ನ ಸಲಾಂ ಹೇಳು.

ದಾದಾಸಾಬ


ಮಂಗಸೂಳಿ
೨೬ ಅಕ್ಟೋಬರ್ ೨೦೨೫

ಕಾಕಾ,

ದೀಪಾವಳಿ ಮುಗಿಯಿತು. ತೋಟದಲ್ಲಿ ಅಕ್ಟೋಬರದ ಬಳ್ಳಿ ಕತ್ತರಿಸುವ ಕೆಲಸವೂ ಮುಗಿಯಿತು. ಕೈಯಲ್ಲಿ ಬೊಬ್ಬೆ ಎದ್ದಿವೆ, ಅಕ್ಷರ ಸೊಟ್ಟಗಿದ್ದರೆ ಓದಿಕೊಳ್ಳಿ.

ನನ್ನ ಸಿಟ್ಟು ಇಳಿದಿದೆ. ನಿಮ್ಮ ಪತ್ರವನ್ನು ಅತ್ತೆಗೆ ಪೂರ್ತಿ ಓದಿ ಹೇಳಿದೆ. ಹದಿನೈದು ವರ್ಷದ ಗಾಡಿಗೆ ಮತ್ತೆ ಪಾಸಿಂಗ್ ಎಂಬ ಮಾತು ಅವರಿಗೆ ಬಹಳ ಹಿಡಿಸಿತು. "ಹಂಗಾರ ನನಗೂ ವಾರಕ್ಕ ಎರಡ ಸಲ ಪಾಸಿಂಗ್ ನಡದೈತಿ ನೋಡ ಬೇ" ಎಂದು ನಕ್ಕರು. ಕೊಲ್ಲಾಪುರದಲ್ಲಿ "ಎರಡ ಬರಿ" ಎಂದ ಬಾಯಿ ಇದೇ.

ಶನಿವಾರ ಚಿಕ್ಕೋಡಿಗೆ ಹೋಗಿ ಗಾಡಿ ನೋಡಿದೆ. ಶಾಕೀರಣ್ಣ ತಾಡಪತ್ರಿ ಎಳೆದ ಕೂಡಲೇ ಧೂಳಿನಲ್ಲೂ ಗುರುತು ಸಿಕ್ಕಿತು. ಬಲಗಡೆಯ ಕನ್ನಡಿಯ ಒಡಕು ನಾನೇ ಮಾಡಿದ್ದು. ಎಡಗಡೆ ನಿಮ್ಮ ಸೀಟಿನ ಮುಂದೆ, ಕಲಿಸುವವರಿಗೆಂದೇ ಹಾಕಿಸಿದ ನಿಮ್ಮ ಬ್ರೇಕು, ನಿಮ್ಮ ಕ್ಲಚ್ಚು ಹಾಗೇ ಇವೆ. ನಾನು ಬಲಗಡೆ ಕೂತು ಒಂದು ಸುತ್ತು ಹಾಕಿದೆ. ಗಾಡಿ ಒಳ್ಳೆಯದಿದೆ. ನನಗೆ ಬೇಕು.

ಆದರೆ ಹೀಗೆ ಬೇಡ.

ಕಾಕಾ, ಕಂಪನಿಯ ಗಾಡಿ ಒಂದು ದಿನ ತಿರುಗಿ ಕೇಳುತ್ತಾರೆ. ಬಾಬಾಸಾಹೇಬನ ಗಾಡಿ ಅವನಿಗೆ ಮನಸ್ಸು ಬಂದ ದಿನ ತಿರುಗಿ ಕೇಳುತ್ತಾನೆ. ನೀವೂ ಸಂಕ್ರಾಂತಿಗೆ ಬಂದು ಕೇಳುತ್ತೀರಿ. ನೀವು ಪ್ರೀತಿಯಿಂದ ಕೇಳುತ್ತೀರಿ, ಫರಕು ಅಷ್ಟೇ. ಅತ್ತೆ ಹೇಳಿದ್ದನ್ನು ಹಾಗೇ ಬರೆಯುತ್ತೇನೆ: "ಲಾವಣಿಗೆ ಹಿಡದ ಮಂದಿ ಹೊಲದಾಗ ಜ್ವಾಳಾ ಬಿತ್ತಬಹುದು, ದ್ರಾಕ್ಷಿ ಯಾರ ಹಚ್ಚತಾರ? ಹಣ್ಣ ಹಿಡಿಯೂ ಹೊತ್ತಿಗೆ ಮಾಲಕ ಬಂದ ನಿಂದರ್ತಾನ. ಖರೀದಿಗೆ ಕೊಡ್ತಾರೇನ ಕೇಳ. ನಾ ಇರೂತನಕ ಅಷ್ಟ ಅಲ್ಲ. ನಾ ಹೋದ ಮ್ಯಾಲ ನೀ ಮತ್ತ ಬಾಬ್ಯಾನ ಅಂಗಳದಾಗ ಹೋಗಿ ನಿಂದರಬಾರದು."

ಇದನ್ನು ಕೇಳಿ ನಾನು ಒಳಗೆ ಹೋಗಿ ಕಣ್ಣೀರು ಹಾಕಿದೆ, ನಿಮಗೆ ಮುಚ್ಚಿಡುವುದೇನು? ಇಷ್ಟು ದಿನ ಗಾಡಿ ಅವರಿಗಾಗಿ ಎಂದುಕೊಂಡಿದ್ದೆ. ಅವರು ನನಗಾಗಿ ಎಂದುಕೊಂಡಿದ್ದರು.

ಅತ್ತೆ ತಮ್ಮ ಕೈಯ ಚಿನ್ನದ ಪಾಟ್ಲಿ ಬಿಚ್ಚಿ ಕೊಟ್ಟರು. ನಾನು ತಿರುಗಿ ಅವರ ಕೈಗೇ ಹಾಕಿದೆ. ಹೋದ ವರ್ಷ ದ್ರಾಕ್ಷಿ ಒಣಗಿಸಿ ಮಾಡಿದ ಮಣುಕ ಮಾರಿದ ದುಡ್ಡು ಹಳೇ ಗಾಡಿಗೆ ಸಾಕಾಗುತ್ತದೆ. ಶಾಕೀರಣ್ಣ ಪೇಟೆಯ ದರ ಏನು ಹೇಳುತ್ತಾನೋ ಅದೇ ದರ. ಒಂದು ರೂಪಾಯಿ ಬಿಡಬೇಡಿ. ಬಿಟ್ಟರೆ ಗಾಡಿ ಅರ್ಧ ನಿಮ್ಮದೇ ಉಳಿಯುತ್ತದೆ.

ಇನ್ನೊಂದು ಮಾತು. ನೀವು ನನಗೆ ಎರಡು ಸಲ ಕೇಳಿದಿರಿ, ಎಷ್ಟು ವರ್ಷಕ್ಕೆ ಎಂದು. ನಾನು ನಿಮಗೆ ಒಂದೇ ಸಲ ಕೇಳುತ್ತೇನೆ. ರತ್ನಾಗಿರಿಗೆ ಎರಡು ತಿಂಗಳಿಗೆಂದು ಹೋದವರು ನೀವು. ಎಷ್ಟು ವರ್ಷವಾಯಿತು? ಸಂಕ್ರಾಂತಿಗೆ ಖರೇ ಬರುತ್ತೀರಾ? ಬರುವುದಾದರೆ ಗಾಡಿ ನಿಮಗೇ ಇರಲಿ, ನಾನು ಬೇರೆ ಹುಡುಕುತ್ತೇನೆ, ನನಗೆ ಬೇಸರವಿಲ್ಲ. ಬರುವುದಿಲ್ಲವಾದರೆ ನನಗೆ ಮಾರಿ. ನಡುವಿನದು ಬೇಡ.

ಉಜ್ವಲಾ


ರತ್ನಾಗಿರಿ
೧೦ ನವೆಂಬರ್ ೨೦೨೫

ಉಜ್ವಲಾ,

ನೀನು ಕಲಿಯುವಾಗ ನಿನಗೆ ನಾನು ಹೇಳಿದ್ದೆ, ಹೆದರಿಕೆ ಬಂದಾಗ ಕ್ಲಚ್ ಒತ್ತಿ ಕೂರಬೇಡ, ಗಾಡಿ ಮುಂದೂ ಹೋಗುವುದಿಲ್ಲ, ಹಿಡಿತಕ್ಕೂ ಸಿಗುವುದಿಲ್ಲ ಎಂದು. ಈಗ ಅದನ್ನೇ ನನಗೆ ತಿರುಗಿಸಿ ಹೇಳಿದ್ದೀಯ.

ಮೂರು ವರ್ಷ ಎಂಟು ತಿಂಗಳಾಯಿತು. ನಿನ್ನ ಕಾಕಿ ಶರೀಫಾಬಿ ತೀರಿಕೊಂಡ ಮೇಲೆ ಇಲ್ಲಿಗೆ ಬಂದೆ. ನನ್ನ ಲೈಸೆನ್ಸ್ ಮುಗಿದು ಎರಡು ವರ್ಷ. ಇಲ್ಲಿಯ ಡಾಕ್ಟರು ಕಿವಿ ಮತ್ತು ಎಡಗಣ್ಣು ನೋಡಿ ಸರ್ಟಿಫಿಕೇಟಿಗೆ ಸಹಿ ಹಾಕಲಿಲ್ಲ. ಇದನ್ನು ನಾನು ಚಿಕ್ಕೋಡಿಯಲ್ಲಿ ಯಾರಿಗೂ ಹೇಳಿಲ್ಲ, ಶಾಕೀರನಿಗೂ ಇಲ್ಲ. ಶೆಡ್ಡಿನಲ್ಲಿ ಗಾಡಿ ಇದ್ದರೆ ನಾನಿನ್ನೂ ಮಾಸ್ತರ ಎಂದು ಅನಿಸುತ್ತಿತ್ತು. ಅಷ್ಟೇ ಅದರ ಕೆಲಸ. ಅಷ್ಟಕ್ಕಾಗಿ ತಿಂಗಳಿಗೊಮ್ಮೆ ಪೆಟ್ರೋಲ್ ಸುಡಿಸುತ್ತಿದ್ದೆ.

ನಾನು ಬರುವುದಿಲ್ಲ ಉಜ್ವಲಾ. ಇದನ್ನು ಬರೆಯಲು ನಾಲ್ಕು ದಿನ ಹಿಡಿಯಿತು. ಬರೆದ ಮೇಲೆ ಸಮುದ್ರದ ದಂಡೆಯವರೆಗೆ ನಡೆದುಹೋಗಿ ಬಂದೆ. ಬಂದು ಊಟ ಮಾಡಿದೆ. ಏನೂ ಆಗಲಿಲ್ಲ.

ಗಾಡಿ ನಿನಗೆ ಮಾರಿದ್ದೇನೆ. ಇಪ್ಪತ್ತೊಂಬತ್ತು, ಮೂವತ್ತನೇ ನಂಬರಿನ ಫಾರ್ಮುಗಳಿಗೆ ಸಹಿ ಹಾಕಿ ಇದರೊಳಗೇ ಇಟ್ಟಿದ್ದೇನೆ, ಆರ್‌ಟಿಓ ಕೆಲಸ ಶಾಕೀರ ಮಾಡಿಸುತ್ತಾನೆ. ಪೇಟೆಯ ದರವೇ. ಒಂದು ರೂಪಾಯಿಯೂ ಬಿಟ್ಟಿಲ್ಲ, ಕನ್ನಡಿಯ ಒಡಕಿಗೂ ಬಿಟ್ಟಿಲ್ಲ. ಅದು ನೀನು ಮಾಡಿದ್ದು.

ಒಂದೇ ಷರತ್ತು. ಎಡಗಡೆಯ ಬ್ರೇಕು, ಕ್ಲಚ್ಚು ಎರಡನ್ನೂ ಬಿಚ್ಚಿಸು. ಅವು ಇರುವತನಕ ಅದು ಮಾಸ್ತರನ ಗಾಡಿ. ಬಿಚ್ಚಿಸಿದ ಮೇಲೆ ನಿನ್ನದು.

ದಾದಾಸಾಬ


ಮಂಗಸೂಳಿ
೨೭ ನವೆಂಬರ್ ೨೦೨೫, ಗುರುವಾರ

ಕಾಕಾ,

ಈಗಷ್ಟೇ ಮಿರಜದಿಂದ ಬಂದೆವು. ಅತ್ತೆ ಮಲಗಿದ್ದಾರೆ. ಚಹಾ ಮಾಡಿಕೊಂಡು ನಿಮಗೆ ಬರೆಯಲು ಕೂತೆ.

ನೀವು ಹೇಳಿದಂತೆ ಶಾಕೀರಣ್ಣ ಪೆಡಲ್ ಎರಡನ್ನೂ ಬಿಚ್ಚಿದ. ಗುಜರಿಯವನಿಗೆ ತೂಕಕ್ಕೆ ಹಾಕೋಣ ಎಂದ. ನಾನು ಬಿಡಲಿಲ್ಲ. ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದಾನೆ, ಮುಂದಿನ ತಿಂಗಳು ಅಫ್ರೀನ ಬಂದಾಗ ನಿಮಗೆ ಕೊಟ್ಟು ಕಳಿಸುತ್ತೇವೆ. ರತ್ನಾಗಿರಿಯ ಗಾಳಿಗೆ ತುಕ್ಕು ಹಿಡಿಯದಂತೆ ಎಣ್ಣೆ ಹಚ್ಚಿ ಇಟ್ಟುಕೊಳ್ಳಿ.

ಬೆಳಿಗ್ಗೆ ಅತ್ತೆ ಮುಂದಿನ ಸೀಟೇ ಬೇಕೆಂದರು. ಕಾಲು ಚಾಚಿ, "ಭಾರಿ ಜಾಗಾ ಐತಿ" ಎಂದರು. ಆರಕ್ಕೆ ಸರಿಯಾಗಿ ಹೊರಟೆವು. ಓಣಿಯ ತಿರುವಿನಲ್ಲಿ ಬಾಬಾಸಾಹೇಬ ಹಲ್ಲುಜ್ಜುತ್ತ ನಿಂತಿದ್ದ. ನಾನು ಗಾಡಿ ನಿಲ್ಲಿಸಿದೆ. ಎಷ್ಟೆಂದರೂ ಅವನ ತಾಯಿ. ಅವನು ಬೋರ್ಡು ನೋಡಿದ, ಬಿಳಿಯದು. ಆಮೇಲೆ ತಾಯಿಯ ಮುಖ ನೋಡಿದ. "ಹುಷಾರಿ ಹೋಗಿ ಬರ್ರಿ ವೈನಿ" ಎಂದ. ಅತ್ತೆ, "ಬರೂ ಸೋಮವಾರ ನೀನೂ ಬಾ ಬೇಕಾರ, ಹಿಂದಿನ ಸೀಟ ಖಾಲಿ ಐತಿ" ಎಂದರು. ನಿಮ್ಮ ಪದ್ಧತಿಯನ್ನು ನಾನು ಅವರಿಗೆ ಹೇಳಿರಲಿಲ್ಲ. ದೇವರಾಣೆ ಹೇಳಿರಲಿಲ್ಲ.

ಕಾಗವಾಡ ದಾಟಿದ ಮೇಲೆ ಮುಂದೆ ಕಬ್ಬಿನ ಟ್ರ್ಯಾಕ್ಟರ್ ಬಂತು, ಎರಡು ಟ್ರಾಲಿಯದು. ಎದುರಿನ ರಸ್ತೆ ಖಾಲಿ ಇತ್ತು. ಆದರೂ ನಾನು ಅದರ ಹಿಂದೆಯೇ ಹೋಗುತ್ತಿದ್ದೆ. ಎಷ್ಟೋ ಹೊತ್ತಿನ ಮೇಲೆ ತಿಳಿಯಿತು, ನಾನು ನಿಮ್ಮ "ಹೂಂ, ಹೊಡಿ" ಎಂಬ ಮಾತಿಗೆ ಕಾಯುತ್ತಿದ್ದೆ. ಎಡಗಡೆಯಿಂದ ಅತ್ತೆ ಅಂದರು, "ಎಷ್ಟೊತ್ತ ಅದರ ಹಿಂದ ಹೊಂಟೀ? ಯಂತ್ರ ಮಂದಿಗಿ ಕೊಟ್ಟಗಿಟ್ಟಾರು. ಹಾಯಿಸ."

ಗೇರ್ ಇಳಿಸಿ, ಹಾರ್ನ್ ಹೊಡೆದು ಹಾಯ್ದೆ. ಯಾರೂ ಬ್ರೇಕ್ ಒತ್ತಲಿಲ್ಲ.

ಎಷ್ಟು ವರ್ಷಕ್ಕೆ ಎಂದು ಕೇಳಿದ್ದಿರಲ್ಲ ಕಾಕಾ. ಇವತ್ತು ಗುರುವಾರ ಹೋಗಿ ಬಂದೆವು. ಸೋಮವಾರ ಮತ್ತೆ ಹೋಗುತ್ತೇವೆ.

ನಿಮ್ಮ
ಉಜ್ವಲಾ